ಉಚಿತ ಬಸ್ ಇರುವಾಗ ಸೈಕಲ್ ಏಕೆ?

ಮಾನ್ಯರೇ,

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಗಿರುವಾಗ, ಎಂಟನೇ ತರಗತಿಯವರಿಗೆ ಮತ್ತೆ ಸೈಕಲ್ ಕೊಡಬೇಕೆಂಬ ನಮ್ಮ ಒತ್ತಾಯ ದುಂದುವೆಚ್ಚಕ್ಕೆ ದಾರಿ ಎಂದು ಬರೆದಿದ್ದೀರಿ. ಹಿಂದೆ ಕೊಟ್ಟ ಸೈಕಲ್‌ಗಳು ಹಿತ್ತಿಲಲ್ಲಿ ತುಕ್ಕು ಹಿಡಿದದ್ದನ್ನೂ ನೆನಪಿಸಿದ್ದೀರಿ. ಎರಡನೆಯ ಮಾತು ನಿಜ. ಮೊದಲನೆಯದನ್ನು ಒಪ್ಪಲಾರೆವು.

ಟಿಕೆಟ್ ಉಚಿತವಾದ ಮಾತ್ರಕ್ಕೆ ಬಸ್ಸು ಮನೆಬಾಗಿಲಿಗೆ ಬರುವುದಿಲ್ಲ. ಪ್ರಾಥಮಿಕ ಶಾಲೆ ಊರಿನಲ್ಲೇ ಇದ್ದು ಪ್ರೌಢಶಾಲೆ ದೂರದಲ್ಲಿರುವ ಕಡೆ ಬೆಳಗಿನ ಒಂದು ಬಸ್ ತಪ್ಪಿದರೆ ಆ ದಿನದ ಪಾಠವೇ ತಪ್ಪಿತು. ಸಂಜೆ ವಿಶೇಷ ತರಗತಿ ಇದ್ದರಂತೂ ಮಗಳು ಹೇಗೆ ಮರಳಿಯಾಳೆಂಬ ಚಿಂತೆಯಲ್ಲೇ ಎಷ್ಟೋ ಮನೆಗಳಲ್ಲಿ ಓದು ಬಿಡಿಸುತ್ತಾರೆ. ಬಿಹಾರ ಸರ್ಕಾರ 2006ರಲ್ಲಿ ಒಂಬತ್ತನೇ ತರಗತಿಗೆ ಸೇರಿದ ಹುಡುಗಿಯರಿಗೆ ಸೈಕಲ್ ಕೊಳ್ಳಲು ತಲಾ 2000 ರೂಪಾಯಿ ಕೊಡಲಾರಂಭಿಸಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅದನ್ನು ಅಧ್ಯಯನ ಮಾಡಿದಾಗ, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿದ್ದು, ಆ ಏರಿಕೆ ಬಹುಪಾಲು ಶಾಲೆ ಮೂರು ಕಿಲೋಮೀಟರ್ ಅಥವಾ ಅದಕ್ಕೂ ದೂರವಿದ್ದ ಹಳ್ಳಿಗಳಲ್ಲೇ ಆಗಿದ್ದು ಕಂಡುಬಂತು.

ಶಾಲೆಯ ಆಚೆಗೂ ಸೈಕಲ್ಲಿಗೆ ಕೆಲಸವಿದೆ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯ ಸಾಕ್ಷರತಾ ಆಂದೋಲನ ಹೆಂಗಸರಿಗೆ ಅಕ್ಷರದ ಜೊತೆ ಸೈಕಲ್ ಸವಾರಿಯನ್ನೂ ಕಲಿಸಿತು. ಸೈಕಲ್ ಕೊಳ್ಳಲು ಬ್ಯಾಂಕ್ ಸಾಲ ಸಿಗುವಂತೆ ಆಗಿನ ಜಿಲ್ಲಾಧಿಕಾರಿ ಶೀಲಾರಾಣಿ ಚುಂಕತ್ ಒತ್ತಾಸೆಯಾದರು. ಲೇಡೀಸ್ ಸೈಕಲ್‌ಗಳು ಸಾಲದಾದಾಗ ಅನೇಕರು ಜೆಂಟ್ಸ್ ಸೈಕಲ್ಲನ್ನೇ ಕೊಂಡರು. ನಡುವಿನ ಅಡ್ಡಕಂಬಿಯ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದೆಂದು ಅದನ್ನೇ ಬಯಸಿದವರೂ ಇದ್ದರು. ನೀರು ತರಲು, ಕಲ್ಲು ಕ್ವಾರಿಯ ಕೂಲಿಗೆ ಹೋಗಲು ಅವರು ಮನೆಯ ಗಂಡಸರನ್ನಾಗಲಿ ಬಸ್ಸನ್ನಾಗಲಿ ಕಾಯಬೇಕಾಗಿರಲಿಲ್ಲ.

ಇನ್ನು ತುಕ್ಕಿನ ಮಾತು. ನಮ್ಮಲ್ಲಿ 2006-07ರಲ್ಲಿ ಶುರುವಾಗಿ ಕೋವಿಡ್ ಕಾಲದಲ್ಲಿ ನಿಂತ ಯೋಜನೆ ಸೈಕಲ್ ಹಂಚಿತು, ರಿಪೇರಿಯನ್ನು ಮನೆಯವರ ಪಾಲಿಗೆ ಬಿಟ್ಟಿತು. ಮಳೆಗಾಲದ ಕೆಸರಿಗೆ ಬ್ರೇಕ್ ರಬ್ಬರ್ ಸವೆದು, ಸ್ಪೋಕ್ ಸಡಿಲಾಗಿ ಚಕ್ರ ಬೆಂಡಾದರೆ, ಪಂಕ್ಚರ್ ಅಂಗಡಿಯೂ ಇಲ್ಲದ ಊರಿನಲ್ಲಿ ಅದು ಹಿತ್ತಿಲು ಸೇರದೆ ಇನ್ನೇನಾದೀತು? ಜಾಂಬಿಯಾದಲ್ಲಿ ಶಾಲಾಮಕ್ಕಳಿಗೆ ವರ್ಲ್ಡ್ ಬೈಸಿಕಲ್ ರಿಲೀಫ್ ಸಂಸ್ಥೆ ಕೊಡುವ ‘ಬಫಲೋ’ ಸೈಕಲ್ಲಿಗೆ ಗಟ್ಟಿ ಉಕ್ಕಿನ ಕ್ಯಾರಿಯರ್ ಇದೆ, ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕ್ ಇದೆ. ಅದಕ್ಕಿಂತ ಮುಖ್ಯವಾಗಿ, ಆ ಸಂಸ್ಥೆ ಸ್ಥಳೀಯರಿಗೇ ಮೆಕ್ಯಾನಿಕ್ ತರಬೇತಿ ಕೊಟ್ಟು, ಬಿಡಿಭಾಗಗಳು ಹತ್ತಿರದಲ್ಲೇ ಸಿಗುವಂತೆ ನೋಡಿಕೊಳ್ಳುತ್ತದೆ.

ಯೋಜನೆ ನಮ್ಮಲ್ಲಿ ಮರಳುವುದಾದರೆ ಹೋಬಳಿಗೊಬ್ಬ ಮೆಕ್ಯಾನಿಕ್‌ಗೆ, ಶಾಲೆಯಲ್ಲೇ ಇರಬೇಕಾದ ಪಂಪು, ಟ್ಯೂಬು, ಬ್ರೇಕ್ ರಬ್ಬರ್‌ಗಳಿಗೆ ಅದೇ ಬಜೆಟ್ಟಿನಲ್ಲಿ ಹಣ ತೆಗೆದಿಡಬೇಕು. ನಿಮ್ಮೂರಿನ ಶಾಲಾಭಿವೃದ್ಧಿ ಸಮಿತಿಯ ಮುಂದೆ ನೀವೂ ಈ ಬೇಡಿಕೆಯನ್ನು ಇಡಬೇಕೆಂದು ಕೋರುತ್ತೇವೆ.

– ಸಂಪಾದಕ