ಕೇಳಿ, ಹೇಳ್ತೀನಿ: 51,840 ಸೆಲ್‌ಗಳ ಟೇಬಲ್

ಪ್ರಶ್ನೆ: ಅಣ್ಣಾ, ನಾವು ನಾಲ್ಕು ಜನ ಸ್ನೇಹಿತರು ಸೇರಿ ಒಂದು ಮೊಬೈಲ್ ಗೇಮ್‌ಗೆ ವಿಕಿ (ಎಲ್ಲರೂ ಸೇರಿ ಬರೆಯುವ ಮಾಹಿತಿ ತಾಣ) ಮಾಡುತ್ತಿದ್ದೇವೆ. ಗೇಮ್‌ನಲ್ಲಿ 72 ಕ್ಯಾರೆಕ್ಟರ್ ಇದ್ದಾರೆ. ಒಬ್ಬೊಬ್ಬರಿಗೂ 90 ಲೆವೆಲ್, ಪ್ರತಿ ಲೆವೆಲ್‌ಗೆ ಎಚ್‌ಪಿ (ಪ್ರಾಣಬಲ), ಅಟ್ಯಾಕ್, ಡಿಫೆನ್ಸ್ ಅಂತೆಲ್ಲ 8 ಸ್ಟ್ಯಾಟ್ (ಬಲಾಬಲದ ಅಂಕಿ). ಎಲ್ಲವನ್ನೂ ಒಂದೇ ಟೇಬಲ್‌ನಲ್ಲಿ ತುಂಬಿದೆವು. ಲ್ಯಾಪ್‌ಟಾಪ್‌ನಲ್ಲಿ ಹೇಗೋ ತೆರೆಯುತ್ತದೆ, ಫೋನ್ ಒದ್ದಾಡುತ್ತದೆ. ತೆರೆದವರೂ "ಏನೂ ಅರ್ಥ ಆಗಲ್ಲ" ಅನ್ನುತ್ತಾರೆ. ಬಣ್ಣ ಹಾಕಿದರೆ ಸರಿಹೋಗುತ್ತಾ? – ಕಾಲೇಜು ವಿದ್ಯಾರ್ಥಿ, ಮಾಲೂರು

ಉತ್ತರ: ಬಣ್ಣದ ಡಬ್ಬ ಆಮೇಲೆ ತೆಗೆಯೋಣ. ಮೊದಲು ಲೆಕ್ಕ. 72 ಇಂಟು 90 ಇಂಟು 8 ಅಂದರೆ 51,840 ಸೆಲ್. ಇಷ್ಟನ್ನು ಕೂತು ಓದುವವರು ಯಾರಿದ್ದಾರೆ ಹೇಳಿ?

ಈ ಅಂಕಣ ಬರೆಯುವ ಮುಂಚೆ ನಾನು ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿಯ ಲೆಕ್ಕ ಬರೆಯುತ್ತಿದ್ದೆ. 15 ಕೆಜಿಯ ಬಾಕ್ಸ್‌ಗಳು ಸಾಲು ಸಾಲಾಗಿ ಬರುತ್ತಿದ್ದವು. ದೊಡ್ಡ ಲೆಡ್ಜರ್‌ನಲ್ಲಿ ರೈತರ ಹೆಸರು, ಊರು, ಬಾಕ್ಸ್, ರೇಟು, ಹಮಾಲಿ, ಒಟ್ಟು ಎಲ್ಲ ಇರುತ್ತಿತ್ತು. ಆದರೆ ಆ ಲೆಡ್ಜರನ್ನು ಯಾವ ರೈತರ ಕೈಗೂ ಕೊಡುತ್ತಿರಲಿಲ್ಲ. ಅವರಿಗೆ ಒಂದು ಚೀಟಿ: ಇಷ್ಟು ಬಾಕ್ಸ್, ಇಷ್ಟು ರೇಟು, ಇಷ್ಟು ದುಡ್ಡು. ಹರಾಜು ಮುಗಿಯುತ್ತಿದ್ದಂತೆ ಅವತ್ತಿನ ರೇಟು ಬೋರ್ಡಿನ ಮೇಲೆ. ನೀವು ಲೆಡ್ಜರನ್ನೇ ಬೋರ್ಡಿಗೆ ನೇತು ಹಾಕಿದ್ದೀರಿ.

ನಿಮ್ಮ ವಿಕಿಗೆ ಬರುವವರಲ್ಲಿ ಎರಡು ಥರದವರು ಜಾಸ್ತಿ. ಒಬ್ಬರಿಗೆ "ಎಲ್ಲರಿಗಿಂತ ವೇಗ ಯಾರದು?" ಅಂತ ಗೊತ್ತಾಗಬೇಕು. ಇನ್ನೊಬ್ಬರಿಗೆ "ನನ್ನ ಕ್ಯಾರೆಕ್ಟರ್ 60ನೇ ಲೆವೆಲ್‌ಗೆ ಹೋದರೆ ಎಷ್ಟು ಸಿಗುತ್ತೆ?" ಅಂತ. ಮೊದಲನೆಯವರಿಗೆ ಎಲ್ಲ ಕ್ಯಾರೆಕ್ಟರ್‌ಗಳ 90ನೇ ಲೆವೆಲ್ ಮಾತ್ರ ಇರುವ ಒಂದು ಟೇಬಲ್ ಸಾಕು. 72 ಸಾಲು, 8 ಕಾಲಂ, 576 ಸೆಲ್. ಎರಡನೆಯವರು ಹೇಗೂ ಆ ಕ್ಯಾರೆಕ್ಟರಿನ ಪುಟಕ್ಕೇ ಹೋಗುತ್ತಾರೆ, ಲೆವೆಲ್ ಟೇಬಲ್ ಅಲ್ಲಿರಲಿ.

ಅಲ್ಲೂ 90 ಸಾಲು ಬೇಕಿಲ್ಲ. ಪೊಕೆಮಾನ್ ಉದಾಹರಣೆ ತೆಗೆದುಕೊಳ್ಳಿ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅದರಲ್ಲಿ ಪಿಕಾಚು ಅನ್ನುವ ಕ್ಯಾರೆಕ್ಟರಿನ ಬೇಸ್ ಸ್ಪೀಡ್ (ಮೂಲ ವೇಗ) 90. ಅದನ್ನು ಎರಡರಷ್ಟು ಮಾಡಿದರೆ 180. ಐವಿ (ಹುಟ್ಟಿನಿಂದಲೇ ಬರುವ ಅಂಕ) ಪೂರ್ತಿ 31 ಇದೆ ಅಂದುಕೊಳ್ಳಿ, 211 ಆಯಿತು. 50ನೇ ಲೆವೆಲ್ ಆದ್ದರಿಂದ 50ರಿಂದ ಗುಣಿಸಿ 100ರಿಂದ ಭಾಗಿಸಿ, 105.5. ಆ ಅರ್ಧ ಬಿಟ್ಟು 5 ಕೂಡಿಸಿದರೆ 110. ಇವಿ (ಕಾದಾಡಿ ಗಳಿಸುವ ಅಂಕ) ಸೊನ್ನೆ, ನೇಚರ್‌ನಿಂದ, ಅಂದರೆ ಅದರ ಸ್ವಭಾವದಿಂದ, ಲಾಭವೂ ಇಲ್ಲ ನಷ್ಟವೂ ಇಲ್ಲ ಅಂತ ಇಟ್ಟುಕೊಂಡರೆ ಇದೇ ಉತ್ತರ. ಎಚ್‌ಪಿಗೆ ಮಾತ್ರ ಸೂತ್ರ ಸ್ವಲ್ಪ ಬೇರೆ. ಆರು ಬೇಸ್ ಸ್ಟ್ಯಾಟ್ ಮತ್ತು ಈ ಸೂತ್ರ ಕೈಯಲ್ಲಿದ್ದರೆ 100 ಲೆವೆಲ್‌ನ ಪಟ್ಟಿ ಯಾರಿಗೆ ಬೇಕು?

ನಿಮ್ಮ ಗೇಮ್‌ನಲ್ಲೂ ಹೀಗೇ ಏನಾದರೂ ಲೆಕ್ಕ ಇರುತ್ತದೆ. ಅಕ್ಕಪಕ್ಕದ ಲೆವೆಲ್‌ಗಳನ್ನು ಒಂದರಿಂದ ಒಂದು ಕಳೆದು ನೋಡಿ. ಪ್ರತಿ ಸಲ ಒಂದೇ ಅಂತರ ಬಂದರೆ ಮೊದಲನೆಯದೂ ಕೊನೆಯದೂ ಕೊಟ್ಟರೆ ಸಾಕು. ಎಲ್ಲಾದರೂ ಧಡಕ್ಕನೆ ಏರಿದರೆ ಏರುವ ಮುಂಚಿನ ಸಾಲು, ಏರಿದ ಸಾಲು ಎರಡನ್ನೂ ಹಾಕಿ. ಉಳಿದದ್ದು ಬಿಟ್ಟುಬಿಡಿ.

ಇನ್ನು ಲೆಡ್ಜರ್ ಎಲ್ಲಿ ಇಡುವುದು? ಒಂದೇ ಜಾಗದಲ್ಲಿ. ನಿಮ್ಮದು ಮೀಡಿಯಾವಿಕಿ (ವಿಕಿ ನಡೆಸುವ ಸಾಫ್ಟ್‌ವೇರ್) ಆದರೆ ಅಂಕಿಯನ್ನೆಲ್ಲ ಲುವಾ ಮಾಡ್ಯೂಲ್‌ನಲ್ಲಿ, ಅಂದರೆ ಲುವಾ ಭಾಷೆಯ ಕೋಡ್ ಪುಟದಲ್ಲಿ ಇಡಬಹುದು, ಅಥವಾ ಅಂಕಿಗಳನ್ನು ಕೂಡಿಡುವ ಕಾರ್ಗೋ ಅನ್ನುವ ಎಕ್ಸ್‌ಟೆನ್ಷನ್ ಹಾಕಿಕೊಳ್ಳಬಹುದು. ಕ್ಯಾರೆಕ್ಟರ್ ಪುಟವೂ ಹೋಲಿಕೆಯ ಟೇಬಲ್ಲೂ ಅಲ್ಲಿಂದಲೇ ಅಂಕಿ ಎಳೆದುಕೊಳ್ಳುತ್ತವೆ. ಕೈಯಲ್ಲಿ ಎರಡು ಕಡೆ ಬರೆದರೆ ಒಂದು ಕಡೆ ತಿದ್ದುವುದು ಮರೆತೇ ಮರೆಯುತ್ತೀರಿ. ಅಂದಹಾಗೆ ಒಂದು ಪುಟದ ಬರಹ 2 ಎಂಬಿ ದಾಟಬಾರದು ಅಂತ ಮೀಡಿಯಾವಿಕಿಯೇ ಮೊದಲಿಂದ ಕಟ್ಟು ಹಾಕಿಟ್ಟಿದೆ. ನಿಮ್ಮ ಟೇಬಲ್ ಇನ್ನೂ ಅದಕ್ಕೆ ಸಿಕ್ಕಿಬಿದ್ದಿಲ್ಲ ಅಂದರೆ ಅದೃಷ್ಟ.

ಈಗ ಆ 576 ಸೆಲ್‌ನ ಟೇಬಲ್. ಇಲ್ಲಿ ನನ್ನದೇ ಒಂದು ಎಡವಟ್ಟು ಹೇಳಬೇಕು. ಒಂದು ಜುಲೈ, ಸೀಸನ್ ಜೋರು, ಬೆಳಗಿನಿಂದ ಟೀ ಕೂಡ ಕುಡಿದಿರಲಿಲ್ಲ. ಒಂದು ಹಾಳೆಯಲ್ಲಿ ನಲವತ್ತು ಸಾಲು. ಹೆಸರು ಎಡಗಡೆ ತುದಿ, ರೇಟು ಬಲಗಡೆ ತುದಿ. ಕಣ್ಣು ಒಂದು ಸಾಲು ಜಾರಿತು. ಒಬ್ಬರ 640 ರೂಪಾಯಿ ರೇಟನ್ನು ಕೆಳಗಿನವರ ಸಾಲಿಗೆ ಬರೆದೆ, ಅವರ 410 ಇವರಿಗೆ ಹೋಯಿತು. 85 ಬಾಕ್ಸ್. ವ್ಯತ್ಯಾಸ 19,550 ರೂಪಾಯಿ! ದುಡ್ಡು ಕಡಿಮೆ ಬಂದವರು ಚೀಟಿ ಹಿಡಿದು ಸಂಜೆ ವಾಪಸ್ ಬಂದಾಗ ನನ್ನ ಮುಖ ನೋಡಬೇಕಿತ್ತು. ಮಾರನೇ ದಿನದಿಂದ ಐದು ಸಾಲಿಗೊಂದು ದಪ್ಪ ಗೆರೆ ಎಳೆಯಲು ಶುರು ಮಾಡಿದೆ. ಆಮೇಲೆ ಕಣ್ಣು ಜಾರಲಿಲ್ಲ.

ನಿಮ್ಮ ಟೇಬಲ್‌ಗೂ ಆ ಗೆರೆ ಬೇಕು, ಅಥವಾ ಒಂದು ಬಿಟ್ಟು ಒಂದು ಸಾಲಿಗೆ ತೆಳು ಬೂದು ಬಣ್ಣ. ಸಾರ್ಟ್ ಮಾಡಿದಾಗಲೂ, ಅಂದರೆ ಸಾಲುಗಳ ಕ್ರಮ ಬದಲಿಸಿದಾಗಲೂ, ಅದು ಸರಿಯಾಗಿ ನಿಲ್ಲುವ ಹಾಗೆ ಸ್ಟೈಲ್‌ಶೀಟ್‌ನಲ್ಲೇ (ಪುಟದ ಅಂದ ನಿರ್ಧರಿಸುವ ಕೋಡ್) ಹಾಕಿ. ಹೆಸರಿನ ಕಾಲಂ ಎಡಗಡೆ ಅಂಟಿಕೊಂಡಿರಲಿ, ಹೆಡ್ಡಿಂಗ್ ಸಾಲು ಮೇಲೆ ಅಂಟಿಕೊಂಡಿರಲಿ. ಅಂಕಿಗಳು ಬಲಕ್ಕೆ ಒತ್ತಿಕೊಂಡು ಕೂರಬೇಕು. ಆಗ 85ರ 5, 640ರ ಸೊನ್ನೆಯ ಕೆಳಗೇ ಬರುತ್ತದೆ, ದೊಡ್ಡದು ಯಾವುದು ಅಂತ ಓದದೆಯೇ ಕಾಣುತ್ತದೆ. ನಡುವಿಗೆ ತಂದು ಕೂರಿಸುವುದು ಚೆಂದ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಮದುವೆ ಕಾರ್ಡಿಗೆ ಚೆಂದ.

ಸಾರ್ಟ್ ಬಟನ್ ಖಂಡಿತ ಇರಲಿ. ಆದರೆ ಒಂದು ಹಳ್ಳ ಇದೆ, ನೋಡಿಕೊಂಡು ಹೋಗಿ. ಮೀಡಿಯಾವಿಕಿ ಮೊದಲ ಕೆಲವು ಸಾಲು ನೋಡಿ ಈ ಕಾಲಂನಲ್ಲಿ ಇರುವುದು ಸಂಖ್ಯೆಯೋ ಪದವೋ ಅಂತ ಊಹೆ ಮಾಡುತ್ತದೆ. ನೀವು ಅಲ್ಲಿ "90 (ಅಪ್‌ಡೇಟ್ ನಂತರ)" ಅಂತಲೋ "ಗೊತ್ತಿಲ್ಲ" ಅಂತಲೋ ಬರೆದಿದ್ದರೆ ಪದ ಅಂದುಕೊಂಡುಬಿಡಬಹುದು. ಆಗ 105, 250, 5, 90 ಈ ಕ್ರಮದಲ್ಲಿ ಬರುತ್ತವೆ. ಐದು ಅನ್ನುವುದು ಇನ್ನೂರೈವತ್ತಕ್ಕಿಂತ ದೊಡ್ಡದಾಗಿಬಿಡುತ್ತದೆ! ಹೆಡ್ಡಿಂಗ್‌ನ ಕೋಡ್‌ನಲ್ಲಿ ಸಾರ್ಟ್ ಟೈಪ್ ನಂಬರ್ ಅಂತ ಹೇಳಿಬಿಡಿ. ವಿವರಣೆ ಏನಿದ್ದರೂ ಟೇಬಲ್ ಕೆಳಗೆ ಬರೆಯಿರಿ.

ಯಾವ ವರ್ಷನ್ ಅಂತ ಟೇಬಲ್ ಮೇಲೇ ಹಾಕಿ. 2013ರ ಪೊಕೆಮಾನ್ ಎಕ್ಸ್ ಮತ್ತು ವೈ ಗೇಮ್‌ಗಳಲ್ಲಿ ಪಿಕಾಚುವಿನ ಡಿಫೆನ್ಸ್ 30ರಿಂದ 40ಕ್ಕೆ, ಸ್ಪೆಷಲ್ ಡಿಫೆನ್ಸ್ 40ರಿಂದ 50ಕ್ಕೆ ಏರಿತು, ಆರು ಬೇಸ್ ಸ್ಟ್ಯಾಟ್‌ಗಳ ಒಟ್ಟು 300ರಿಂದ 320 ಆಯಿತು. ವರ್ಷನ್ ಇಲ್ಲದ ಟೇಬಲ್ ನೋಡಿ ಇಬ್ಬರು ಜಗಳ ಆಡಿದರೆ ಇಬ್ಬರೂ ಸರಿ.

"ಒಟ್ಟು" ಕಾಲಂ ಕೊನೆಗಿರಲಿ. ಅದನ್ನು ನೋಡಿ ಮೋಸ ಹೋಗುವವರು ಜಾಸ್ತಿ. ಚಾನ್ಸಿ ಅನ್ನುವ ಇನ್ನೊಂದು ಪೊಕೆಮಾನ್‌ನ ಒಟ್ಟು 450. ಪಿಕಾಚುವಿಗಿಂತ ಬಲಶಾಲಿ ಅನ್ನಿಸುತ್ತೆ, ಅಲ್ವಾ? ಅದರಲ್ಲಿ 250 ಬರೀ ಎಚ್‌ಪಿ, ಅಟ್ಯಾಕ್ 5, ಡಿಫೆನ್ಸ್ 5.

ಬಣ್ಣದ ಬಗ್ಗೆ ಕೇಳಿದ್ದಿರಿ. ಒಂದೇ ಬಣ್ಣ, ಕಡಿಮೆಗೆ ತೆಳು, ಜಾಸ್ತಿಗೆ ಗಾಢ. ಅದರ ಮೇಲೆ ಅಂಕಿ ಸ್ಪಷ್ಟವಾಗಿ ಕಾಣಬೇಕು. ಕೆಂಪು–ಹಸಿರು ಬೇಡ, ಆ ಎರಡರ ವ್ಯತ್ಯಾಸ ಕಾಣದವರು ನಿಮ್ಮ ಕ್ಲಾಸಿನಲ್ಲೇ ಒಬ್ಬರು ಇರಬಹುದು.

ಎಲ್ಲ ಆದಮೇಲೆ ನಿಮ್ಮಲ್ಲಿ ಯಾರ ಫೋನು ತೀರಾ ಹಳೆಯದೋ ಅದರಲ್ಲಿ ತೆರೆಯಿರಿ. ಟೇಬಲ್ ಮಾತ್ರ ಪಕ್ಕಕ್ಕೆ ಸರಿಯಬೇಕು, ಇಡೀ ಪುಟ ಅಲ್ಲಾಡಬಾರದು. ಎಸ್‌ಪಿಡಿ, ಡಿಇಎಫ್ ಅಂತ ಚಿಕ್ಕ ಹೆಸರು ಬಳಸಿದ್ದರೆ ಅದರ ಅರ್ಥ ಟೇಬಲ್ ಮೇಲೆ ಬರೆದಿರಲಿ. ಮೌಸ್ ಇಟ್ಟರೆ ಕಾಣುವ ವಿವರಣೆ ಬೆರಳಿಗೆ ಕಾಣುವುದಿಲ್ಲ.

ಪ್ರಶ್ನೆ: ಕನ್ನಡದಲ್ಲೇ ಗೇಮ್ ವಿಕಿ ಮಾಡುವ ಆಸೆ ಇದೆ. ಸ್ಟ್ಯಾಟ್‌ಗಳನ್ನು ಕನ್ನಡ ಅಂಕಿಯಲ್ಲಿ ಹಾಕಬಹುದಾ ಸರ್? – ಓದುಗರು, ಶಿಡ್ಲಘಟ್ಟ

ಉತ್ತರ: ಹಾಕಬಹುದು, ನನಗೂ ಇಷ್ಟ. ಆದರೆ ಸಾರ್ಟ್ ಮಾಡಿಸುವ ಜಾವಾಸ್ಕ್ರಿಪ್ಟ್ ತಾನಾಗಿ ೯೦ ಅನ್ನು ತೊಂಬತ್ತು ಅಂತ ಓದುವುದಿಲ್ಲ. ಒಳಗೆ 90 ಅಂತಲೇ ಇಟ್ಟು, ತೋರಿಸುವಾಗ ಮಾತ್ರ ಟೆಂಪ್ಲೇಟ್‌ನಿಂದ ೯೦ ಮಾಡಿ. ಸೆಲ್‌ನ ಸಾರ್ಟ್ ವ್ಯಾಲ್ಯೂ 90 ಇರಲಿ. ಶಿಡ್ಲಘಟ್ಟದವರಿಗೆ ರೇಷ್ಮೆ ಗೂಡಿನ ಮಾರುಕಟ್ಟೆಯ ರೇಟಿನ ಚಾಳಿ ಇದ್ದೇ ಇರುತ್ತೆ, ಬೇಗ ಕಲಿಯುತ್ತೀರಿ.

ಪ್ರಶ್ನೆ: ನಮ್ಮ ಮಗ ಪಿಯುಸಿ. ಪುಸ್ತಕ ಬಿಟ್ಟು ಯಾವುದೋ ಗೇಮಿನ ಟೇಬಲ್ ತುಂಬಿಸುತ್ತಾ ಕೂರುತ್ತಾನೆ. ದುಡ್ಡೂ ಇಲ್ಲ, ಕಾಸೂ ಇಲ್ಲ. ಬೈಯಲೋ ಬಿಡಲೋ? – ಗೃಹಿಣಿ, ತಿಪಟೂರು

ಉತ್ತರ: ಪರೀಕ್ಷೆ ಹತ್ತಿರ ಇದ್ದರೆ ಬೈಯಿರಿ ಅಮ್ಮಾ. ಮುಗಿದಿದ್ದರೆ ನಿಮ್ಮ ತೋಟದ ಲೆಕ್ಕದ ಪುಸ್ತಕ ಅವನ ಮುಂದೆ ಇಡಿ. ಮೂರು ವರ್ಷದಲ್ಲಿ ಯಾವ ಕೊಯ್ಲಿಗೆ ಎಷ್ಟು ಕಾಯಿ, ಎಷ್ಟು ಕ್ವಿಂಟಾಲ್ ಕೊಬ್ಬರಿ, ಎಷ್ಟು ಕೂಲಿ ಅಂತ ಒಂದೇ ಹಾಳೆಯಲ್ಲಿ ಕಾಣುವ ಹಾಗೆ ಮಾಡಿಕೊಡು ಅನ್ನಿ. ಮಾಡಿಕೊಟ್ಟರೆ ನನಗೂ ಒಂದು ಪ್ರತಿ ಕಳಿಸಿ.