ಗ್ರಹಣದ ಕನ್ನಡಕ ಯಾವಾಗ ತೆಗೀಬೇಕು ಡಾಕ್ಟ್ರೇ?

ಸೂರ್ಯಗ್ರಹಣ ಹತ್ತಿರ ಬಂದಾಗಲೆಲ್ಲ ನನ್ನಂಥ ಅಕ್ಷಿಪಟಲ (ರೆಟಿನಾ) ವೈದ್ಯರಿಗೆ ಬರುವುದು ಅವೇ ಪ್ರಶ್ನೆಗಳು. ಬರಿಗಣ್ಣಿನಲ್ಲಿ ಸೂರ್ಯನನ್ನು ದಿಟ್ಟಿಸಬಾರದು ಎಂಬುದನ್ನು ಇಲ್ಲಿ ಮತ್ತೆ ಹೇಳಿಕೊಡುವುದಿಲ್ಲ. ಅಷ್ಟು ಗೊತ್ತಿದ್ದವರಿಗಾಗಿ ಇದು.

ಪ್ರಶ್ನೆ: ಖಗ್ರಾಸವನ್ನು ಬರಿಗಣ್ಣಲ್ಲೇ ನೋಡಬಹುದು ಅಂತ ಕೆಲವರು, ಕೂಡದೇ ಕೂಡದು ಅಂತ ಕೆಲವರು. ಯಾವುದು ಸರಿ? ನಾವಿರುವ ಜಾಗದಲ್ಲಿ ಶೇ 99ರಷ್ಟು ಮುಚ್ಚುತ್ತದಂತೆ, ಅದೂ ಖಗ್ರಾಸವೇ ತಾನೆ?

ಅಲ್ಲ. ಸೂರ್ಯ ಹುಣ್ಣಿಮೆ ಚಂದ್ರನಿಗಿಂತ ಸುಮಾರು 4 ಲಕ್ಷ ಪಟ್ಟು ಪ್ರಖರ. ಅದರಲ್ಲಿ ಶೇ 1 ಉಳಿಯಿತೆಂದರೆ ಇನ್ನೂ 4 ಸಾವಿರ ಹುಣ್ಣಿಮೆಗಳ ಬೆಳಕು ಒಂದು ತೆಳುಗೀರಿನಲ್ಲಿ ಕೂತಿದೆ ಎಂದರ್ಥ. ಸುತ್ತ ಮಬ್ಬಾಗಿರುವುದರಿಂದ ಕಣ್ಣಿನ ಪಾಪೆ ಹಿಗ್ಗಿರುತ್ತದೆ, ಕಣ್ಣು ಕುಕ್ಕುವುದಿಲ್ಲ, ರೆಪ್ಪೆ ತಾನಾಗಿ ಮುಚ್ಚುವುದಿಲ್ಲ. ಜನ ಆರಾಮಾಗಿ ನೋಡುತ್ತ ನಿಲ್ಲುತ್ತಾರೆ. ಅಕ್ಷಿಪಟಲಕ್ಕೆ ನೋವಿನ ನರಗಳಿಲ್ಲ. ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ಕೆಲವು ಗಂಟೆ ಕಳೆದ ಮೇಲೆಯೋ ಮರುದಿನವೋ ಪುಟ ತೆರೆದರೆ ಸಾಲಿನಲ್ಲಿ ಸರಿಯಾಗಿ ದೃಷ್ಟಿ ನೆಟ್ಟ ಅಕ್ಷರವೇ ಕಾಣುವುದಿಲ್ಲ, ಅಕ್ಕಪಕ್ಕದವು ಕಾಣುತ್ತವೆ. 2017ರ ಆಗಸ್ಟ್ 21ರ ಗ್ರಹಣವನ್ನು ನ್ಯೂಯಾರ್ಕ್‌ನಲ್ಲಿ ನೋಡಿದ ಯುವತಿಯೊಬ್ಬರ ಅಕ್ಷಿಪಟಲದ ಚಿತ್ರ ತೆಗೆದಾಗ ಗಾಯ ಕುಡುಗೋಲಿನಾಕಾರದಲ್ಲಿತ್ತು. ಆ ಹೊತ್ತಿನ ಸೂರ್ಯನ ಅಚ್ಚು! ಅಲ್ಲಿ ಅಂದು ಪಾರ್ಶ್ವಗ್ರಹಣವಷ್ಟೇ.

ಇನ್ನು ನಿಜವಾದ ಖಗ್ರಾಸ. ಚಂದ್ರನ ನೆರಳು ಹಾಯುವ ಕಿರಿದಾದ ಪಟ್ಟಿಯೊಳಗೆ ನೀವಿದ್ದು, ಸೂರ್ಯಬಿಂಬ ಪೂರ್ತಿ ಮುಚ್ಚಿಹೋದಾಗ ಉಳಿಯುವುದು ಕರೋನಾ, ಅಂದರೆ ಸೂರ್ಯನ ಸುತ್ತಲಿನ ಪ್ರಭಾವಲಯ ಮಾತ್ರ. ಅದರ ಬೆಳಕು ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನಷ್ಟು. ಆಗ ಬರಿಗಣ್ಣು ಸುರಕ್ಷಿತ; ಬರಿಗಣ್ಣಿಗಲ್ಲದೆ ಅದು ಕಾಣುವುದೂ ಇಲ್ಲ. ಒಳ್ಳೆಯ ಗ್ರಹಣ ಕನ್ನಡಕ ಬಿಡುವುದು ಹೆಚ್ಚೆಂದರೆ ಶೇ 0.003ರಷ್ಟು ಬೆಳಕನ್ನು, ಅದರೊಳಗೆ ಕರೋನಾ ಕಗ್ಗತ್ತಲು. ಸಾವಿರಾರು ಕಿಲೋಮೀಟರ್ ಪ್ರಯಾಣ ಮಾಡಿ, ಕೊನೆಗೆ ಹೆದರಿ ಕನ್ನಡಕ ತೆಗೆಯದೆ ಕತ್ತಲನ್ನೇ ನೋಡಿ ಬಂದವರಿದ್ದಾರೆ. ‘ಕೂಡದೇ ಕೂಡದು’ ಎನ್ನುವವರ ಕೃಪೆ.

ಕನ್ನಡಕದೊಳಗೆ ಕೊನೆಯ ಗೀರೂ ಮಾಯವಾಗಿ ಏನೇನೂ ಕಾಣದಾದಾಗ ತೆಗೆಯಿರಿ. ವಜ್ರದುಂಗುರ (ಅಂಚಿನಲ್ಲಿ ಕೊನೆಯದೊಂದು ಬೆಳಕಿನ ಚುಕ್ಕೆ ಹೊಳೆಯುವ ನೋಟ) ಮೂಡುತ್ತಿದ್ದಂತೆಯೇ ತೆಗೆಯಬಹುದು ಎನ್ನುವ ಅನುಭವಿಗಳಿದ್ದಾರೆ. ನಾನು ಒಪ್ಪುವುದಿಲ್ಲ; ಆ ‘ವಜ್ರ’ ಸೂರ್ಯನೇ. ತೆಗೆಯುವುದಕ್ಕಿಂತ ಮತ್ತೆ ಹಾಕಿಕೊಳ್ಳುವಾಗಲೇ ಜನ ಎಡವುವುದು, ಏಕೆಂದರೆ ಕಣ್ಣು ಕೀಳಲು ಮನಸ್ಸು ಬರುವುದಿಲ್ಲ. ಕೊನೆಯ ಗೀರು ಮರೆಯಾದ ಬದಿಗೆ ಎದುರಿನ ಅಂಚು ಗುಲಾಬಿ ಬಣ್ಣಕ್ಕೆ ತಿರುಗಿ ಬೆಳಗತೊಡಗಿತೋ, ತಲೆ ತಗ್ಗಿಸಿ, ಕನ್ನಡಕ ಹಾಕಿ. ನೀವು ನಿಂತ ಜಾಗದಲ್ಲಿ ಖಗ್ರಾಸ ಎಷ್ಟು ಹೊತ್ತು ಎಂದು ಮೊದಲೇ ತಿಳಿದುಕೊಂಡು, ಮುಗಿಯಲು 15 ಸೆಕೆಂಡ್ ಇರುವಾಗ ಅಲಾರಂ ಹೊಡೆಯುವಂತೆ ಇಟ್ಟುಕೊಳ್ಳಿ. ಗ್ರಹಣದಿಂದ ಗ್ರಹಣಕ್ಕೆ ಇದು ಬಹಳ ಬದಲಾಗುತ್ತದೆ: 2026ರ ಆಗಸ್ಟ್ 12ರದ್ದಕ್ಕೆ ಗರಿಷ್ಠ 2 ನಿಮಿಷ 18 ಸೆಕೆಂಡ್, 2027ರ ಆಗಸ್ಟ್ 2ರದ್ದಕ್ಕೆ ಈಜಿಪ್ಟಿನ ಲಕ್ಸರ್ ಬಳಿ 6 ನಿಮಿಷಕ್ಕೂ ಹೆಚ್ಚು. ನೆರಳಿನ ಪಟ್ಟಿಯ ಅಂಚಿನಲ್ಲಿ ನಿಂತರೆ ಕೆಲವೇ ಸೆಕೆಂಡ್. ಸಿಕ್ಕ ಸಮಯದಲ್ಲಿ ಫೋನು ಹಿಡಿದು ತಡಕಾಡಬೇಡಿ. ಒಮ್ಮೆ ದಿಗಂತದ ಕಡೆ ತಿರುಗಿ, ಸುತ್ತ ನಾಲ್ಕೂ ದಿಕ್ಕಿಗೆ ಸಂಜೆಗೆಂಪು ಇರುತ್ತದೆ.

ಕಂಕಣ ಗ್ರಹಣಕ್ಕೂ ಇದೇ ನಿಯಮವೇ?

ಇಲ್ಲ. ಉಂಗುರವೇ ಸೂರ್ಯ. ಮೊದಲಿಂದ ಕೊನೆವರೆಗೂ ಕನ್ನಡಕ ಬೇಕು.

ಎಕ್ಸ್-ರೇ ಫಿಲ್ಮ್? ಮಸಿ ಹಿಡಿದ ಗಾಜು? ಎರಡು ಕೂಲಿಂಗ್ ಗ್ಲಾಸ್? ನೀರಿನಲ್ಲಿ ಪ್ರತಿಬಿಂಬ?

ಬೇಡ, ಬೇಡ, ಬೇಡ, ಬೇಡ.

ಗ್ರಹಣ ಕನ್ನಡಕ ಹಾಕಿಕೊಂಡು ಬೈನಾಕ್ಯುಲರ್‌ನಲ್ಲಿ ನೋಡಬಹುದೇ?

ಕನ್ನಡಕದ ಫಿಲ್ಮೇ ಸುಟ್ಟು ತೂತಾಗುತ್ತದೆ. ಸೌರ ಫಿಲ್ಟರ್ ಇರಬೇಕಾದದ್ದು ಬೈನಾಕ್ಯುಲರ್‌ನ ಮುಂದೆ, ಕಣ್ಣಿನ ಮುಂದಲ್ಲ.

ಗರ್ಭಿಣಿ ನೋಡಿದರೆ ಮಗುವಿಗೆ ತೊಂದರೆಯೇ?

ಮಗುವಿಗೆ ಏನೂ ಆಗುವುದಿಲ್ಲ. ತಾಯಿ ಕನ್ನಡಕ ಹಾಕಿಕೊಳ್ಳಲಿ.

ಗ್ರಹಣ ನೋಡಿ ದೃಷ್ಟಿಯ ನಡುವೆ ಕಲೆ ಬಂದಿದೆ. ಒಬ್ಬರು ಹನಿ ಔಷಧಿ ಕೊಟ್ಟು ವಾರದಲ್ಲಿ ಸರಿಹೋಗುತ್ತದೆ ಎಂದಿದ್ದಾರೆ.

ಆ ಹನಿಯನ್ನು ಚೆಲ್ಲಿ. ಈ ಗಾಯ ವಾಸಿಮಾಡುತ್ತದೆಂದು ಸಾಬೀತಾದ ಔಷಧಿ ಯಾವುದೂ ಇಲ್ಲ. ಹಲವರಿಗೆ ವಾರಗಳಲ್ಲೋ ತಿಂಗಳುಗಳಲ್ಲೋ ತಾನಾಗಿ ಸುಧಾರಿಸುತ್ತದೆ, ಆ ಯಶಸ್ಸನ್ನು ಹನಿ ಮಾರಿದವನು ಹೊಡೆದುಕೊಳ್ಳುತ್ತಾನೆ. ಕೆಲವರಿಗೆ ಕಲೆ ಉಳಿದೇಬಿಡುತ್ತದೆ. ಅಕ್ಷಿಪಟಲ ತಜ್ಞರ ಬಳಿ ಹೋಗಿ ಒಸಿಟಿ ಸ್ಕ್ಯಾನ್ (ಅಕ್ಷಿಪಟಲದ ಪದರಗಳ ಚಿತ್ರ ತೆಗೆಯುವ ಪರೀಕ್ಷೆ) ಮಾಡಿಸಿ, ಕಲೆಗೆ ಕಾರಣ ಬೇರೆಯೂ ಇರಬಹುದು.