ಮೂರು ಸ್ಪೆಲ್ಲಿಂಗ್, ಒಬ್ಬಳೇ ಹುಡುಗಿ

ಪರೀಕ್ಷಾ ಅರ್ಜಿ ತುಂಬುವ ಕಾಲ ಬಂತೆಂದರೆ ದಾಖಲೆಗಳಲ್ಲಿ ಹೆಸರು ತಾಳೆಯಾಗದೆ ಕಂಗೆಟ್ಟ ಒಂದೆರಡು ಮಕ್ಕಳು ಕಾಲೇಜಿನ ಆಪ್ತಸಲಹೆಗೆ ನನ್ನ ಬಳಿ ಬಂದೇ ಬರುತ್ತಾರೆ. ಹೆಸರು, ಊರು ಬದಲಿಸಿ ಒಂದು ಪ್ರಕರಣ ಬರೆಯುತ್ತಿದ್ದೇನೆ.

ಲಕ್ಷ್ಮಿ, ಎರಡನೇ ವರ್ಷದ ಬಿಕಾಂ. ತಂದೆಗೆ ಕೂಲಿ ಕೆಲಸ. ಮೂರು ವಾರದಿಂದ ತರಗತಿಗಿಲ್ಲ, ನಿದ್ದೆಯಿಲ್ಲ. ಓದು ಬಿಟ್ಟು ಗಾರ್ಮೆಂಟ್ಸಿಗೆ ಸೇರುವ ಮಾತು. ಎರಡು ಭೇಟಿಯಲ್ಲಿ ಕಾರಣ ಹೊರಬರಲಿಲ್ಲ. ಮೂರನೆಯ ಸಲ ಫೈಲು ತಂದು ಮೇಜಿನ ಮೇಲಿಟ್ಟಳು.

"ನನ್ನ ಹೆಸರೇ ತಪ್ಪಂತೆ ಮೇಡಂ. ಅಪ್ಪಂಗೆ ಓದು ಬರಲ್ಲ, ಅದಕ್ಕೇ ಹಿಂಗಾಯ್ತು."

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ 'ಕ್ಷ'ಕ್ಕೆ ಇಂಗ್ಲಿಷಿನ 'ಕೆಎಸ್‌ಎಚ್', ಇನಿಷಿಯಲ್ ಕೊನೆಗೆ. ಆಧಾರ್‌ನಲ್ಲಿ 'ಎಕ್ಸ್', ಜೊತೆಗೆ ಅಪ್ಪನ ಪೂರ್ತಿ ಹೆಸರು. ವಿಶ್ವವಿದ್ಯಾಲಯ, ಕಾಲೇಜುಗಳ ಪೋರ್ಟಲ್ ಆದ ಯುಯುಸಿಎಂಎಸ್‌ನಲ್ಲಿ ಇನಿಷಿಯಲ್ ಮೊದಲಿಗೆ. ಹೆಸರು ತಾಳೆಯಾಗದೆ ಅವಳು ಪಾಸಾದ ವಿಷಯಗಳ ಕ್ರೆಡಿಟ್, ಅವನ್ನು ಕೂಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ (ಎಬಿಸಿ) ಎಂಬ ಆನ್‌ಲೈನ್ ಖಾತೆಗೆ ಏರಿರಲಿಲ್ಲ, ವಿದ್ಯಾರ್ಥಿವೇತನವೂ ನಿಂತಿತ್ತು.

"ನಿನ್ನ ಹೆಸರು ಕನ್ನಡದಲ್ಲಿ ಬರಿಯಮ್ಮ" ಎಂದು ಹಾಳೆ ಕೊಟ್ಟೆ. ಬರೆದಳು. ಮೂರು ದಾಖಲೆಯನ್ನೂ ಗಟ್ಟಿಯಾಗಿ ಓದು ಎಂದೆ. ಮೂರು ಸಲವೂ ಬಾಯಲ್ಲಿ ಬಂದದ್ದು ಅದೇ ಲಕ್ಷ್ಮಿ. "ಹೆಸರು ಸರಿಯಾಗೇ ಇದೆ. ಮೂರು ಕಡೆ ಮೂವರು ಟೈಪ್ ಮಾಡಿದ್ದಾರೆ, ಅಷ್ಟೇ." ಆಗ ಅತ್ತಳು. ಅಪ್ಪನ ಮೇಲಿನ ಸಿಟ್ಟೂ ಅದರಲ್ಲಿ ಕರಗಿತು.

ದಾಖಲೆ ತಿದ್ದಿಸುವುದು ಸಲಹೆಗಾರರ ಕೆಲಸವೇ ಎಂದು ಕೆಲವು ಸಹೋದ್ಯೋಗಿಗಳು ಕೇಳುತ್ತಾರೆ. ಪೋರ್ಟಲ್‌ನಲ್ಲಿ 'ಹೊಂದಾಣಿಕೆ ಇಲ್ಲ' ಎಂದು ಕಾಣುತ್ತಿರುವಷ್ಟು ದಿನ ಉಸಿರಾಟದ ವ್ಯಾಯಾಮದಿಂದ ಆ ಹುಡುಗಿಗೆ ನಿದ್ದೆ ಬರುವುದಿಲ್ಲ. ಭಯದ ಬೇರು ಎಲ್ಲಿದೆಯೋ ಅಲ್ಲಿಗೇ ಕೈ ಹಾಕಬೇಕು.

ಸೈಬರ್ ಸೆಂಟರ್‌ನವರು ಅಂಕಪಟ್ಟಿಯನ್ನೇ ಆಧಾರ್‌ನಂತೆ ತಿದ್ದಿಸಲು ಹೇಳಿದ್ದರಂತೆ. ಬೇಡ ಎಂದೆ. ಅದಕ್ಕೆ ಓದಿದ ಶಾಲೆ, ದಾಖಲಾತಿ ರಿಜಿಸ್ಟರ್, ಪರೀಕ್ಷಾ ಮಂಡಳಿ ಎಂದು ಅಲೆಯಬೇಕು. ಅದು ಬದಲಾದರೆ ಪಿಯು ಅಂಕಪಟ್ಟಿಯೂ ಬದಲಾಗಬೇಕು. ಅಂಕಪಟ್ಟಿಯನ್ನು ಮೂಲವಾಗಿಟ್ಟುಕೊಂಡು, ಅದನ್ನೇ ಪುರಾವೆಯಾಗಿ ಕೊಟ್ಟು ಆಧಾರ್ ತಿದ್ದಿಸುವುದು ಹತ್ತಿರದ ದಾರಿ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನಕ್ಕೆ 2 ಅವಕಾಶ ಮಾತ್ರ. ಲಕ್ಷ್ಮಿ ಒಂದನ್ನು ಆಗಲೇ ಕಳೆದಿದ್ದಳು. ಆಧಾರ್ ಕೇಂದ್ರದ ಆಪರೇಟರ್ ಪರದೆ ತೋರಿಸಿದಾಗ ಅಂಕಪಟ್ಟಿ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ, ನಡುವಿನ ಖಾಲಿ ಜಾಗವನ್ನೂ ನೋಡಿ, ಆಮೇಲೆ ಒಪ್ಪು ಎಂದೆ. ಸ್ವೀಕೃತಿ ಚೀಟಿ ಜೋಪಾನ.

ಆಧಾರ್ ಸರಿಯಾದ ಮೇಲೆ ಡಿಜಿಲಾಕರ್‌ನ ಪ್ರೊಫೈಲ್, ಎಬಿಸಿ ಖಾತೆಯ ಹೆಸರು ನೋಡಬೇಕು. ಯುಯುಸಿಎಂಎಸ್ ತಿದ್ದುಪಡಿಗೆ ಪ್ರಾಂಶುಪಾಲರಿಗೆ ಎರಡು ಪ್ರತಿಯಲ್ಲಿ ಅರ್ಜಿ. ಒಂದರ ಮೇಲೆ ಕಚೇರಿಯ ಸೀಲು, ದಿನಾಂಕ ಹಾಕಿಸಿಕೊಳ್ಳಬೇಕು. ಬಾಯಿಮಾತಿನ ದೂರು ಗುಮಾಸ್ತರು ಬದಲಾದ ದಿನವೇ ಕಳೆದುಹೋಗುತ್ತದೆ.

ವಿದ್ಯಾರ್ಥಿವೇತನದ ಗಂಟು ಬೇರೆ. ಆಧಾರ್ ಆಧಾರಿತ ಹಣ ಆ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೇ ಹೋಗುತ್ತದೆ, ಪಾಸ್‌ಬುಕ್ ಯಾವುದೇ ಇರಲಿ. ಮೈಆಧಾರ್ ತಾಣದಲ್ಲಿ ಅದು ಯಾವ ಬ್ಯಾಂಕೆಂದು ತಿಳಿಯುತ್ತದೆ. ಇವಳದು, ಸಿಮ್ ಕೊಳ್ಳುವಾಗ ತೆರೆದ, ಮರೆತೇಹೋದ ಒಂದು ಖಾತೆ.

ಇನ್ನೊಂದು ಮಾತು ಒತ್ತಿ ಹೇಳಿದೆ: ಪಾಸ್‌ವರ್ಡ್ ಸೈಬರ್ ಸೆಂಟರ್‌ನ ಪುಸ್ತಕದಲ್ಲಿ ಇರಬಾರದು, ಒಟಿಪಿ ಬರುವ ನಂಬರು ನಿನ್ನದೇ ಇರಲಿ.

ಮುಂದಿನ ಸೋಮವಾರ ಅಪ್ಪನೇ ಒಂದು ದಿನದ ಕೂಲಿ ಬಿಟ್ಟು ಅವಳ ಜೊತೆ ಆಧಾರ್ ಕೇಂದ್ರಕ್ಕೆ ಹೋದರು. ಅಂಕಪಟ್ಟಿ ಹಿಡಿದುಕೊಂಡದ್ದೂ ಅವರೇ.